ನಂಟು ಮೊದಲು, ಗಂಟು ಆಮೇಲೆ

2023ರ ಜೂನ್ ತಿಂಗಳಲ್ಲಿ ನಂದನ್ ನಿಲೇಕಣಿಯವರು ತಾವು ಓದಿದ ಪೊವಾಯಿಯ ಐಐಟಿಗೆ 315 ಕೋಟಿ ರೂಪಾಯಿಗಳ ದೇಣಿಗೆ ಪ್ರಕಟಿಸಿದರು. ಎಲ್ಲರ ಕಣ್ಣಿಗೆ ಬಿದ್ದದ್ದು ಆ ಮೊತ್ತ. ಆದರೆ ಈ ದೇಣಿಗೆಯ ಅರ್ಥ ತಿಳಿಯಬೇಕಾದರೆ ಅದರ ಹಿಂದಿನ ಇಸವಿಗಳನ್ನು ಓದಬೇಕು. ಅವರು ಆ ಸಂಸ್ಥೆಗೆ ಸೇರಿದ್ದು 1973ರಲ್ಲಿ, ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಪದವಿ ಪಡೆದು ಹೊರಬಂದದ್ದು 1978ರಲ್ಲಿ. ಹಳೆ ವಿದ್ಯಾರ್ಥಿಗಳು ಅಮೆರಿಕದಲ್ಲಿ ಕಟ್ಟಿದ ಐಐಟಿ ಬಾಂಬೆ ಹೆರಿಟೇಜ್ ಫೌಂಡೇಷನ್ನಿನ ಮಂಡಳಿಯಲ್ಲಿ 1999ರಿಂದ 2009ರವರೆಗೆ ಇದ್ದರು. 2005ರಿಂದ 2011ರವರೆಗೆ ಸಂಸ್ಥೆಯ ಆಡಳಿತ ಮಂಡಳಿಯಲ್ಲಿ ಕೆಲಸ ಮಾಡಿದರು. ಆ ವರ್ಷಗಳುದ್ದಕ್ಕೂ ಹಾಸ್ಟೆಲ್ ಕಟ್ಟಡಕ್ಕೆ, ಹೊಸ ಉದ್ಯಮಗಳ ಪೋಷಣೆಗೆ ಎಂದು ಒಟ್ಟು 85 ಕೋಟಿ ಕೊಟ್ಟಿದ್ದರು. ದೊಡ್ಡ ದೇಣಿಗೆ ಬಂದದ್ದು ಸಂಸ್ಥೆಯ ಜೊತೆಗಿನ ನಂಟಿಗೆ 50 ವರ್ಷ ತುಂಬಿದಾಗ. ಅಂದರೆ 315 ಕೋಟಿ ಒಂದು ದಿನದ ಔದಾರ್ಯದಿಂದ ಹುಟ್ಟಿದ್ದಲ್ಲ, ಅರ್ಧ ಶತಮಾನ ಕಡಿಯದೆ ಉಳಿದ ಸಂಬಂಧದಿಂದ ಬಂದದ್ದು. ಹಳೆ ವಿದ್ಯಾರ್ಥಿಗಳಿಂದ ನೆರವು ಬಯಸುವ ಪ್ರತಿಯೊಂದು ಶಾಲೆಯೂ ಕಾಲೇಜೂ ಮೊದಲು ಅರಿಯಬೇಕಾದ ಸತ್ಯ ಇದು. ಮುಂಬಯಿಯ ಕನ್ನಡ ಶಾಲೆಗಳಂತೂ, ಅದರಲ್ಲೂ ನಮ್ಮ ರಾತ್ರಿ ಶಾಲೆಗಳು, ಇದನ್ನು ತುರ್ತಾಗಿ ಅರಿಯಬೇಕಾಗಿದೆ.

ಇದು ಒಬ್ಬ ಶ್ರೀಮಂತರ ಕಥೆ ಎಂದು ಬದಿಗಿಡಲು ಬರುವುದಿಲ್ಲ. ಅದೇ ವರ್ಷದ ಡಿಸೆಂಬರಿನಲ್ಲಿ, ಅದೇ ಐಐಟಿಯಲ್ಲಿ ಓದು ಮುಗಿಸಿ 25 ವರ್ಷವಾದ 1998ರ ತಂಡದವರು ರಜತ ಮಹೋತ್ಸವದ ಕೊಡುಗೆಯಾಗಿ 57 ಕೋಟಿ ರೂಪಾಯಿಗಳ ವಾಗ್ದಾನ ಮಾಡಿದರು. ಅದರಲ್ಲಿ ಪಾಲುಗೊಂಡವರು 200ಕ್ಕೂ ಹೆಚ್ಚು ಮಂದಿ. ಅದಕ್ಕೆ ಮೊದಲು ಅತಿ ದೊಡ್ಡದೆನಿಸಿದ್ದ ಸಾಮೂಹಿಕ ಕೊಡುಗೆ 1971ರ ತಂಡದವರು ಸುವರ್ಣ ಮಹೋತ್ಸವಕ್ಕೆ ಕೊಟ್ಟ 41 ಕೋಟಿ. ಹೀಗೆ ಒಂದು ತಂಡ ಇನ್ನೊಂದರ ಹೆಗಲಿನ ಮೇಲೆ ನಿಲ್ಲುವುದು ತಾನಾಗಿ ಆಗುವ ಸಂಗತಿಯಲ್ಲ. ಹಳೆ ವಿದ್ಯಾರ್ಥಿಗಳ ಸಂಪರ್ಕಕ್ಕೆಂದೇ ಅಲ್ಲಿ ಒಬ್ಬ ಡೀನ್ ಇದ್ದಾರೆ, ಅವರಿಗೊಂದು ಕಚೇರಿ ಇದೆ, ಪ್ರತಿ ವರ್ಷದ ಕೊನೆಗೆ ಪುನರ್ಮಿಲನ ನಡೆಯುತ್ತದೆ. ಇಂಥ ಕೆಲಸಕ್ಕೆ ಇಷ್ಟು ಬೇಕು ಎಂದು ಸಂಸ್ಥೆ ಮುಂದಿಡುತ್ತದೆ, ಆ ವರ್ಷದ ತಂಡ ಅದನ್ನು ತನ್ನದೆಂದು ಎತ್ತಿಕೊಳ್ಳುತ್ತದೆ. ಮಾಟುಂಗದ ರಾಸಾಯನಿಕ ತಂತ್ರಜ್ಞಾನ ಸಂಸ್ಥೆಯ ಉದಾಹರಣೆಯೂ ಇದನ್ನೇ ಬೇರೆ ಬಗೆಯಲ್ಲಿ ಹೇಳುತ್ತದೆ. 1933ರಲ್ಲಿ ಮುಂಬಯಿ ವಿಶ್ವವಿದ್ಯಾಲಯದ ಒಂದು ವಿಭಾಗವಾಗಿ ಆರಂಭವಾಗಿ, ಯುಡಿಸಿಟಿ ಎಂದು ಹೆಸರಾಗಿದ್ದ ಆ ಸಂಸ್ಥೆಗೆ ಹಳೆ ವಿದ್ಯಾರ್ಥಿ ಮುಕೇಶ್ ಅಂಬಾನಿ 2025ರ ಜೂನ್‌ನಲ್ಲಿ 151 ಕೋಟಿ ರೂಪಾಯಿಗಳನ್ನು ಯಾವ ಷರತ್ತೂ ಇಲ್ಲದೆ ಘೋಷಿಸಿದರು. ತಮಗೆ ಪಾಠ ಹೇಳಿದ ಪ್ರೊಫೆಸರ್ ಎಂ. ಎಂ. ಶರ್ಮ ಅವರಿಗೆ ಸಲ್ಲಿಸುವ ಗುರುದಕ್ಷಿಣೆ ಎಂದರು. ಒಂದು ಕಡೆ ಕೆಲಸ ಮಾಡಿದ್ದು ವ್ಯವಸ್ಥೆ, ಇನ್ನೊಂದು ಕಡೆ ಒಬ್ಬ ಮೇಷ್ಟ್ರ ಮೇಲಿನ ಗೌರವ. ಎರಡರಲ್ಲೂ ಹಣಕ್ಕಿಂತ ಮುಂಚೆ ಸಂಬಂಧ ಇತ್ತು.

ಕೊಟ್ಟು ಕಟ್ಟುವ ಪರಂಪರೆ ಮುಂಬಯಿಗೆ ಹೊಸದಲ್ಲ. 1857ರಲ್ಲಿ ಸ್ಥಾಪನೆಯಾದ ಮುಂಬಯಿ ವಿಶ್ವವಿದ್ಯಾಲಯದ ಘಟಿಕೋತ್ಸವ ಭವನ ಕಾವಸ್‌ಜಿ ಜಹಾಂಗೀರ್ ಅವರ ಹಣದಿಂದ ಎದ್ದಿತು. ಅದೇ ಆವರಣದ ರಾಜಾಬಾಯಿ ಗೋಪುರ ಹತ್ತಿಯ ವ್ಯಾಪಾರಿ ಪ್ರೇಮ್‌ಚಂದ್ ರಾಯ್‌ಚಂದ್ ಅವರ ದಾನದಿಂದ. ಆದರೆ ಅವು ವರ್ತಕರ ದಾನಗಳು; ಕೊಟ್ಟವರು ಅಲ್ಲಿ ಕಲಿತವರಲ್ಲ. ಪಡೆದವನೇ ಮರಳಿ ಕೊಡಬೇಕೆಂಬ ವಿಚಾರಕ್ಕೆ ಈ ನಗರದಲ್ಲಿ ಗಟ್ಟಿಯಾದ ರೂಪ ಕೊಟ್ಟದ್ದು ಜಮ್‌ಸೆಟ್‌ಜಿ ಟಾಟಾ 1892ರಲ್ಲಿ ಸ್ಥಾಪಿಸಿದ ದತ್ತಿ. ವಿದೇಶದಲ್ಲಿ ಉನ್ನತ ವ್ಯಾಸಂಗಕ್ಕೆ ಹೋಗುವವರಿಗೆ ಅದು ಸಾಲದ ರೂಪದಲ್ಲಿ ವಿದ್ಯಾರ್ಥಿವೇತನ ಕೊಡುತ್ತದೆ. ಓದಿ ದುಡಿಯತೊಡಗಿದವನು ಅದನ್ನು ತೀರಿಸಿದರೆ ಆ ಹಣ ಮುಂದಿನವನ ಓದಿಗೆ ಸಲ್ಲುತ್ತದೆ. ತುಮಕೂರಿನಲ್ಲಿ ಹುಟ್ಟಿ, ಟಾಟಾ ವಿದ್ಯಾರ್ಥಿವೇತನದಿಂದ ಲಂಡನ್ನಿಗೆ ಹೋಗಿ, ಮುಂದೆ ಇದೇ ಮುಂಬಯಿಯ ಟ್ರಾಂಬೆಯಲ್ಲಿ ಭಾಭಾ ಅಣು ಸಂಶೋಧನಾ ಕೇಂದ್ರವನ್ನು ಮುನ್ನಡೆಸಿದ ರಾಜಾ ರಾಮಣ್ಣ ಆ ಸಾಲಿನಲ್ಲಿ ಬಂದವರು. ಇಲ್ಲಿ ನೆರವು ಪಡೆದವನು ಭಿಕ್ಷೆ ಬೇಡಿದವನಾಗುವುದಿಲ್ಲ, ಸರಪಳಿಯ ಒಂದು ಕೊಂಡಿಯಾಗುತ್ತಾನೆ. ಹಳೆ ವಿದ್ಯಾರ್ಥಿಯ ದೇಣಿಗೆಯನ್ನು ಬೇರೆಲ್ಲ ದಾನಗಳಿಂದ ಬೇರೆಯಾಗಿಸುವುದು ಈ ಗುಣವೇ.

ಇದೇ ಗುಣವನ್ನು ಬದುಕಿನಲ್ಲೇ ತೋರಿಸಿದ ಸಂಸ್ಥೆಗಳು ನಮ್ಮ ರಾತ್ರಿ ಶಾಲೆಗಳು. ಕಳೆದ ಶತಮಾನದುದ್ದಕ್ಕೂ ಉಡುಪಿ, ಮಂಗಳೂರು, ಕುಂದಾಪುರ, ಕಾಸರಗೋಡು ಸೀಮೆಗಳಿಂದ ಹುಡುಗರು ಮುಂಬಯಿಗೆ ಬಂದರು. ಹೋಟೆಲಿನಲ್ಲಿ ಮೇಜು ಒರೆಸುತ್ತ, ಕ್ಯಾಂಟೀನಿನಲ್ಲಿ ಚಹಾ ಹಂಚುತ್ತ, ಗಿರಣಿ ಮತ್ತು ಕಚೇರಿಗಳಲ್ಲಿ ಚಿಕ್ಕಪುಟ್ಟ ಕೆಲಸ ಮಾಡುತ್ತ ದಿನ ಕಳೆದರು. ಊರಿನಲ್ಲಿ ಅರ್ಧಕ್ಕೆ ನಿಂತಿದ್ದ ಓದನ್ನು ಅವರು ಮುಂದುವರಿಸಿದ್ದು ಸಂಜೆಯ ನಂತರ, ಸಮಾಜದ ಸಂಘಗಳು ನಡೆಸಿದ ಕನ್ನಡ ಮಾಧ್ಯಮದ ರಾತ್ರಿ ಶಾಲೆಗಳಲ್ಲಿ. 1902ರಲ್ಲಿ ಹುಟ್ಟಿದ ಮೊಗವೀರ ವ್ಯವಸ್ಥಾಪಕ ಮಂಡಳಿ ಶುಲ್ಕವಿಲ್ಲದ ರಾತ್ರಿ ಶಾಲೆ ನಡೆಸಿತು. ಬಿಲ್ಲವರ ಅಸೋಸಿಯೇಷನ್ ಗುರು ನಾರಾಯಣರ ಹೆಸರಿನಲ್ಲಿ ರಾತ್ರಿ ಪ್ರೌಢಶಾಲೆ ತೆರೆಯಿತು. ಬಂಟರ ಸಂಘವೂ ಇದೇ ದಾರಿಯಲ್ಲಿ ನಡೆಯಿತು. ಹಗಲು ಶಾಲೆಗಳ ಕಡೆ ವಡಾಲದಲ್ಲಿ ನ್ಯಾಷನಲ್ ಕನ್ನಡ ಎಜುಕೇಶನ್ ಸೊಸೈಟಿಯಂಥ ಸಂಸ್ಥೆಗಳು ಬೆಳೆದವು. ಮಹಾನಗರ ಪಾಲಿಕೆಯೂ ಎಂಟು ಭಾಷಾ ಮಾಧ್ಯಮಗಳಲ್ಲಿ ಕನ್ನಡಕ್ಕೊಂದು ಜಾಗ ಕೊಟ್ಟಿತು. ಆದರೆ ಹೊಟ್ಟೆಪಾಡು ಮತ್ತು ಅಕ್ಷರ ಎರಡನ್ನೂ ಒಂದೇ ದಿನದಲ್ಲಿ ಹೊಂದಿಸಿಕೊಟ್ಟವು ರಾತ್ರಿ ಶಾಲೆಗಳು ಮಾತ್ರ. ಬೆಳಗಿನ ಜಾವ ಎದ್ದು ದುಡಿದು ದಣಿದ ಹುಡುಗನನ್ನು ರಾತ್ರಿ ಒಂಬತ್ತು ದಾಟುವವರೆಗೆ ಬೆಂಚಿನ ಮೇಲೆ ಎಚ್ಚರವಾಗಿಟ್ಟು ಎಸ್ಸೆಸ್ಸಿ ದಾಟಿಸಿದ ಶಿಕ್ಷಕರ ಕೆಲಸ ಯಾವ ವಿಶ್ವವಿದ್ಯಾಲಯದ ಕೆಲಸಕ್ಕೂ ಕಡಿಮೆಯದಲ್ಲ.

ಹಾಗೆ ಓದಿದವರು ಈ ನಗರದಲ್ಲಿ ಹೋಟೆಲ್ ಮಾಲೀಕರಾದರು, ಬ್ಯಾಂಕಿನ ನೌಕರರಾದರು, ವಕೀಲರು, ಲೆಕ್ಕಪರಿಶೋಧಕರು, ಬರಹಗಾರರು, ಸಂಘಟಕರು ಆದರು. ಇವರಲ್ಲಿ ಕೊಡುವ ಮನಸ್ಸಿಗೆ ಎಂದೂ ಬರವಿಲ್ಲ. ಊರಿನ ದೈವಸ್ಥಾನದ ಜೀರ್ಣೋದ್ಧಾರಕ್ಕೆ, ದೇವಸ್ಥಾನದ ಬ್ರಹ್ಮಕಲಶೋತ್ಸವಕ್ಕೆ, ಯಕ್ಷಗಾನದ ಮೇಳಕ್ಕೆ, ಜಾತಿ ಸಂಘದ ಸಭಾಭವನಕ್ಕೆ, ಬಡ ವಿದ್ಯಾರ್ಥಿಗಳ ಪುಸ್ತಕ ವಿತರಣೆಗೆ ಮುಂಬಯಿಯ ತುಳು ಕನ್ನಡಿಗರು ಕೊಟ್ಟಿರುವುದನ್ನು ಕರಾವಳಿಯ ಊರೂರೂ ಬಲ್ಲದು. ಬಿಲ್ಲವರ ಅಸೋಸಿಯೇಷನ್ 1978ರಲ್ಲಿ ಭಾರತ್ ಕೋ-ಆಪರೇಟಿವ್ ಬ್ಯಾಂಕನ್ನೇ ಕಟ್ಟಿ ನಿಲ್ಲಿಸಿದೆ. ಹೀಗಿದ್ದೂ ಓದಿಸಿದ ಶಾಲೆಯ ಹೆಸರಿನಲ್ಲಿ ಬರುವ ದೇಣಿಗೆ ಏಕೆ ತೆಳು? ಕಾರಣ ಕೃತಘ್ನತೆ ಅಲ್ಲ. ದೇವಸ್ಥಾನದ ಸಮಿತಿಯವರು ಊರಿನಿಂದ ಬಸ್ಸು ಹತ್ತಿ ಬಂದು ಮನೆ ಬಾಗಿಲಲ್ಲಿ ನಿಂತು ಆಮಂತ್ರಣ ಪತ್ರಿಕೆ ಕೊಡುತ್ತಾರೆ; ಮುಗಿದ ಮೇಲೆ ಪ್ರಸಾದ ಕಳಿಸುತ್ತಾರೆ, ಜಮಾ ಖರ್ಚು ಓದಿ ಹೇಳುತ್ತಾರೆ. ಶಾಲೆ ಅದರಲ್ಲಿ ಒಂದನ್ನೂ ಮಾಡುವುದಿಲ್ಲ. ಅದಕ್ಕೆ ತನ್ನ ಹಳೆ ವಿದ್ಯಾರ್ಥಿ ಎಲ್ಲಿದ್ದಾನೆಂದೇ ಗೊತ್ತಿಲ್ಲ. ಜೊತೆಗೆ, ಶಾಲೆಯನ್ನು ಸಂಘವೇ ನಡೆಸುವುದರಿಂದ ಕೊಟ್ಟದ್ದೆಲ್ಲ ಸಂಘಕ್ಕೆ ಎಂದಾಗಿ, ಶಾಲೆಗೆ ತನ್ನದೇ ಆದ ಮುಖ ಉಳಿಯುವುದಿಲ್ಲ. ಕೊಡುವ ಕೈಗಳಿಗೆ ಕೊರತೆಯಿಲ್ಲ, ಕರೆಯುವ ದನಿ ಇಲ್ಲ.

ಹಾಗಾದರೆ ಎಲ್ಲಿಂದ ಶುರು ಮಾಡಬೇಕು? ಮಹಾರಾಷ್ಟ್ರದ ಪ್ರತಿ ಶಾಲೆಯ ಕಪಾಟಿನಲ್ಲೂ ಜನರಲ್ ರಿಜಿಸ್ಟರ್ ಎಂಬ ದಪ್ಪ ಪುಸ್ತಕ ಇರುತ್ತದೆ. ವಿದ್ಯಾರ್ಥಿಯ ಹೆಸರು, ಹುಟ್ಟಿದ ಊರು ಮತ್ತು ತಾರೀಖು, ಸೇರಿದ ದಿನ, ಬಿಟ್ಟ ದಿನ ಎಲ್ಲ ಅದರಲ್ಲಿ ದಾಖಲಾಗಿರುತ್ತವೆ. ಅದನ್ನು ಶಾಶ್ವತವಾಗಿ ಕಾಪಾಡಬೇಕು. ಲೀವಿಂಗ್ ಸರ್ಟಿಫಿಕೇಟ್ ಬರೆಯುವುದು ಅದನ್ನು ನೋಡಿಯೇ. ಆ ಪುಸ್ತಕವೇ ಹಳೆ ವಿದ್ಯಾರ್ಥಿಗಳ ಮೊದಲ ಪಟ್ಟಿ. ಅದರ ಪುಟಗಳನ್ನು ಕಂಪ್ಯೂಟರಿಗೆ ಏರಿಸಿ, ವರ್ಷವಾರು ವಿಂಗಡಿಸಿ, ಒಂದೊಂದು ವರ್ಷಕ್ಕೆ ಇಬ್ಬರು ಪ್ರತಿನಿಧಿಗಳನ್ನು ಹುಡುಕಿದರೆ ಉಳಿದವರನ್ನು ಅವರೇ ಕರೆತರುತ್ತಾರೆ. ಪಾಸ್‌ಪೋರ್ಟಿಗೋ ಮಗನ ಜಾತಿ ಪ್ರಮಾಣಪತ್ರಕ್ಕೋ ದಾಖಲೆಯ ಪ್ರತಿ ಕೇಳಿಕೊಂಡು ಶಾಲೆಯ ಕಚೇರಿಗೆ ಬರುವ ಹಳೆ ವಿದ್ಯಾರ್ಥಿಯನ್ನು ಇಂದು ಗುಮಾಸ್ತರು ರಸೀದಿ ಕೊಟ್ಟು ಕಳಿಸುತ್ತಾರೆ; ಆ ಹೊತ್ತಿನಲ್ಲೇ ಅವರ ಫೋನ್ ಸಂಖ್ಯೆ ಮತ್ತು ಉದ್ಯೋಗ ಬರೆದಿಟ್ಟುಕೊಂಡು, ಮುಖ್ಯೋಪಾಧ್ಯಾಯರು ಒಂದು ಲೋಟ ನೀರು ಕೊಟ್ಟು ಮಾತನಾಡಿಸಿದರೆ ಕೆಲಸ ಅರ್ಧ ಆದಂತೆ. ಕಾಲೇಜುಗಳಲ್ಲಿ ಇನ್ನೊಂದು ತೊಂದರೆ ಇದೆ. ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ಮೌಲ್ಯಮಾಪನದಲ್ಲಿ ಹಳೆ ವಿದ್ಯಾರ್ಥಿಗಳ ಪಾಲ್ಗೊಳ್ಳುವಿಕೆಗೂ ಅಂಕಗಳಿವೆ. ಇದು ಒಳ್ಳೆಯದೇ. ಆದರೆ ಮೌಲ್ಯಮಾಪನದ ವರ್ಷ ಮಾತ್ರ ಸಂಘ ನೋಂದಾಯಿಸಿ, ಒಂದು ಸಭೆ ನಡೆಸಿ, ಫೋಟೋ ತೆಗೆದು ಮರೆತುಬಿಟ್ಟರೆ ಅದರಿಂದ ಕಡತ ತುಂಬೀತೇ ಹೊರತು ಕಾಲೇಜು ತುಂಬದು.

ಮೊದಲ ಭೇಟಿಯಲ್ಲಿ ಹಣ ಕೇಳಬಾರದು ಎಂಬುದು ಈ ಕೆಲಸದ ಮೂಲ ನಿಯಮವಾಗಬೇಕು. ಇಪ್ಪತ್ತು ವರ್ಷ ಒಂದು ಕಾಗದವನ್ನೂ ಬರೆಯದ ಶಾಲೆ ಥಟ್ಟನೆ ದೇಣಿಗೆ ಪುಸ್ತಕ ಹಿಡಿದು ಬಂದರೆ ಯಾರಿಗಾದರೂ ಕಸಿವಿಸಿಯಾಗುತ್ತದೆ. ಹಣಕ್ಕಿಂತ ಮೊದಲು ಕೇಳಬೇಕಾದದ್ದು ಅವರ ಸಮಯ ಮತ್ತು ತಿಳಿವಳಿಕೆ. ರಾತ್ರಿ ಶಾಲೆಯ ಇಂದಿನ ವಿದ್ಯಾರ್ಥಿಗೆ ದೊಡ್ಡ ಕೊರತೆ ದಾರಿ ತೋರಿಸುವವರದು. ಹತ್ತನೆಯದರ ನಂತರ ಏನು ಓದಬಹುದು, ಐಟಿಐಗೆ ಹೇಗೆ ಸೇರಬೇಕು, ಬ್ಯಾಂಕ್ ಪರೀಕ್ಷೆ ಎಂದರೇನು, ಕೆಲಸ ಬಿಡದೆ ಪದವಿ ಮುಗಿಸುವುದು ಹೇಗೆ ಎಂದು ಅವನ ಮನೆಯಲ್ಲಿ ಹೇಳುವವರಿಲ್ಲ. ಅದೇ ಬೆಂಚಿನಿಂದ ಎದ್ದು ಹೋದವರು ತಿಂಗಳಿಗೊಂದು ಸಂಜೆ ಬಂದು ಹೇಳಿದರೆ ಅದಕ್ಕಿರುವ ಬೆಲೆ ಯಾವ ಭಾಷಣಕ್ಕೂ ಇಲ್ಲ. ಬಂದವರು ಶಾಲೆಯ ಸ್ಥಿತಿಯನ್ನು ಕಣ್ಣಾರೆ ನೋಡುತ್ತಾರೆ. ಪ್ರಯೋಗಾಲಯದಲ್ಲಿ ಏನಿಲ್ಲ, ಗ್ರಂಥಾಲಯದಲ್ಲಿ ಯಾವ ಪುಸ್ತಕ ಹಳತಾಗಿದೆ ಎಂದು ತಾವೇ ಕೇಳುತ್ತಾರೆ. ಆಗ ಹಣದ ಮಾತು ಅವರ ಬಾಯಿಂದಲೇ ಬರುತ್ತದೆ. ನಗರದ ರಾತ್ರಿ ಶಾಲೆಗಳಿಗಾಗಿ 2008ರಿಂದ ದುಡಿಯುತ್ತಿರುವ ‘ಮಾಸೂಮ್’ ಸಂಸ್ಥೆಯಂಥ ಹೊರಗಿನವರು ಕೈ ಜೋಡಿಸಿರುವಾಗ, ಒಳಗಿನಿಂದ ಬೆಳೆದವರು ದೂರ ನಿಲ್ಲಲು ಕಾರಣವಿಲ್ಲ.

ಹಣದ ಮಾತು ಬಂದಾಗ ಅದು ಖಚಿತವಾಗಿರಬೇಕು. ‘ಶಾಲೆಯ ಅಭಿವೃದ್ಧಿಗೆ’ ಎಂಬ ಮಸುಕು ಮನವಿಗಿಂತ, ಈ ವರ್ಷ ಇಷ್ಟು ಮಕ್ಕಳ ರೈಲು ಪಾಸಿಗೆ, ಸಂಜೆಯ ಉಪಾಹಾರಕ್ಕೆ, ಒಬ್ಬ ಗಣಿತದ ಶಿಕ್ಷಕರ ಗೌರವಧನಕ್ಕೆ ಎಂದು ಲೆಕ್ಕ ಸಮೇತ ಹೇಳಬೇಕು. 500 ಮಂದಿ ತಿಂಗಳಿಗೆ 200 ರೂಪಾಯಿಯಂತೆ ಕೊಟ್ಟರೆ ವರ್ಷಕ್ಕೆ 12 ಲಕ್ಷವಾಗುತ್ತದೆ. ಇಂದು ಅದು ಫೋನಿನಲ್ಲೇ ತಾನಾಗಿ ಜಮೆಯಾಗುವಂತೆ ಮಾಡಬಹುದು. ದೊಡ್ಡ ಮೊತ್ತ ಬಂದರೆ ಅದನ್ನು ಖರ್ಚು ಮಾಡದೆ ಮೂಲನಿಧಿಯಾಗಿಟ್ಟು ಬಡ್ಡಿಯನ್ನಷ್ಟೇ ಬಳಸುವುದು ಲೇಸು: ಶೇಕಡಾ 7ರ ಬಡ್ಡಿಯಲ್ಲಿ 50 ಲಕ್ಷದ ನಿಧಿ ವರ್ಷಕ್ಕೆ ಮೂರೂವರೆ ಲಕ್ಷ ಕೊಡುತ್ತದೆ. ಸಂಸ್ಥೆಗೆ ಆದಾಯ ತೆರಿಗೆ ಇಲಾಖೆಯ ಮನ್ನಣೆ ಇದ್ದರೆ ಕೊಟ್ಟವರಿಗೆ ತೆರಿಗೆ ರಿಯಾಯಿತಿ ಸಿಗುತ್ತದೆ. ಆದರೆ 2,000 ರೂಪಾಯಿ ಮೀರಿದ ನಗದಿಗೆ ಅದು ಸಿಗುವುದಿಲ್ಲ, ಹೊಸ ತೆರಿಗೆ ಪದ್ಧತಿ ಆರಿಸಿಕೊಂಡವರಿಗೂ ಇಲ್ಲ. ಆದ್ದರಿಂದ ರಿಯಾಯಿತಿಯ ಆಸೆಯೊಂದನ್ನೇ ನಂಬಿ ಮನವಿ ಬರೆಯಬಾರದು. ದುಬೈ, ಮಸ್ಕತ್, ಕುವೈತ್‌ಗಳಲ್ಲಿರುವ ಹಳೆ ವಿದ್ಯಾರ್ಥಿಗಳ ಬಗ್ಗೆ ಅನೇಕ ಶಾಲೆಗಳಿಗೆ ಇರುವ ಅಂಜಿಕೆಯೂ ಅನಗತ್ಯ. ಭಾರತೀಯ ಪಾಸ್‌ಪೋರ್ಟ್ ಉಳ್ಳವರು ತಮ್ಮ ಸ್ವಂತ ಉಳಿತಾಯದಿಂದ ಬ್ಯಾಂಕಿನ ಮೂಲಕ ಕಳಿಸುವ ಹಣ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯ ಮಟ್ಟಿಗೆ ವಿದೇಶಿ ದೇಣಿಗೆ ಎನಿಸುವುದಿಲ್ಲ. ಬೇರೆ ದೇಶದ ಪೌರತ್ವ ಪಡೆದವರ ಹಣಕ್ಕೆ ಮಾತ್ರ ಆ ಕಾಯ್ದೆಯ ಅನುಮತಿ ಬೇಕು. ಎಲ್ಲಕ್ಕಿಂತ ಮುಖ್ಯ, ಚಾರಿಟಿ ಕಮಿಷನರಿಗೆ ಸಲ್ಲಿಸುವ ಲೆಕ್ಕಪತ್ರವನ್ನೇ ಸರಳ ಕನ್ನಡದಲ್ಲಿ ಒಂದು ಪುಟಕ್ಕಿಳಿಸಿ, ನೂರು ರೂಪಾಯಿ ಕೊಟ್ಟವರಿಗೂ ಕಳಿಸಬೇಕು. ಲೆಕ್ಕ ಕಂಡವರು ಎರಡನೆಯ ಸಲ ಕೊಡಲು ಹಿಂದೆಮುಂದೆ ನೋಡುವುದಿಲ್ಲ.

ಐಐಟಿಯ ಮಾತು ಬೇರೆ, ನಮ್ಮ ಶಾಲೆಯಲ್ಲಿ ಓದಿದವರು ಸಾಮಾನ್ಯರು, ಅವರಿಂದ ಏನು ಬಂದೀತು ಎಂಬುದು ಎಲ್ಲ ಕಡೆ ಕೇಳುವ ಆಕ್ಷೇಪ. ಕೋಟಿಗಳನ್ನು ಹೋಲಿಸಿದರೆ ಅದು ನಿಜ. ಆದರೆ ಹೋಲಿಸಬೇಕಾದದ್ದು ರೂಢಿಯನ್ನು. ಅಮೆರಿಕದ ಯೇಲ್ ವಿಶ್ವವಿದ್ಯಾಲಯ 1890ರಲ್ಲಿ ಹಳೆ ವಿದ್ಯಾರ್ಥಿಗಳ ನಿಧಿಯನ್ನು ಶುರು ಮಾಡಿದ್ದು ಪ್ರತಿ ವರ್ಷ, ಪ್ರತಿಯೊಬ್ಬರಿಂದ, ಕೈಲಾದಷ್ಟು ಎಂಬ ತತ್ತ್ವದ ಮೇಲೆ. ಚಿಕ್ಕ ಮೊತ್ತವನ್ನು ಹತ್ತಾರು ವರ್ಷ ತಪ್ಪದೆ ಕೊಟ್ಟವರಲ್ಲೇ ಮುಂದೆ ದೊಡ್ಡದನ್ನು ಕೊಡುವವರು ಮೂಡಿಬರುತ್ತಾರೆ. ಆ ಒಬ್ಬಿಬ್ಬರು ಯಾರು ಎಂದು ಮೊದಲೇ ಹೇಳಲು ಯಾರಿಂದಲೂ ಆಗದು. ರಾತ್ರಿ ಶಾಲೆಗಳಿಗೆ ಐಐಟಿಗೂ ಇಲ್ಲದ ಒಂದು ಬಲವಿದೆ. ಐಐಟಿಗೆ ಹೋದ ಹುಡುಗ ಬೇರೆ ಕಾಲೇಜಿಗಾದರೂ ಹೋಗುತ್ತಿದ್ದ. ರಾತ್ರಿ ಶಾಲೆ ಇರದಿದ್ದರೆ ಹೋಟೆಲಿನ ಹುಡುಗನಿಗೆ ಬೇರೆ ದಾರಿಯೇ ಇರಲಿಲ್ಲ. ಬದುಕನ್ನು ಅಷ್ಟು ನೇರವಾಗಿ ಬದಲಿಸಿದ ಸಂಸ್ಥೆಯ ಋಣವನ್ನು ಯಾರೂ ಸುಲಭವಾಗಿ ಮರೆಯಲಾರರು.

ಶಿಕ್ಷಣ ಸರ್ಕಾರದ ಹೊಣೆ, ಹಳೆ ವಿದ್ಯಾರ್ಥಿಗಳು ಕೈ ಹಾಕಿದರೆ ಸರ್ಕಾರ ಜಾರಿಕೊಳ್ಳುತ್ತದೆ ಎಂಬ ಇನ್ನೊಂದು ಆಕ್ಷೇಪದಲ್ಲಿ ತೂಕವಿದೆ. ಶಿಕ್ಷಕರ ಸಂಬಳ, ಕಟ್ಟಡದ ಸುರಕ್ಷತೆ, ಪಠ್ಯಪುಸ್ತಕಗಳು ಅನುದಾನದಿಂದಲೇ ಬರಬೇಕು. ಆ ಹಕ್ಕನ್ನು ದೇಣಿಗೆಗೆ ಮಾರಿಕೊಳ್ಳಬಾರದು. ದೇಣಿಗೆ ಸಲ್ಲಬೇಕಾದದ್ದು ಅನುದಾನ ಎಂದೂ ಮುಟ್ಟದ ಕಡೆಗೆ: ರಾತ್ರಿ ಮನೆಗೆ ಮರಳುವ ಹುಡುಗಿಯ ಪ್ರಯಾಣಕ್ಕೆ, ಕಣ್ಣಿನ ತಪಾಸಣೆಗೆ, ಪರೀಕ್ಷೆಯ ತಿಂಗಳಲ್ಲಿ ಕೂಲಿ ಕಳೆದುಕೊಳ್ಳುವವನ ನೆರವಿಗೆ. ಸಂಘಟಿತ ಹಳೆ ವಿದ್ಯಾರ್ಥಿಗಳು ಇದ್ದಲ್ಲಿ ಸರ್ಕಾರ ಜಾರಿಕೊಳ್ಳುವುದೂ ಕಷ್ಟ. ವಕೀಲರು, ನಗರಸೇವಕರು, ಪತ್ರಕರ್ತರು ಆಗಿರುವ ಹಳೆ ವಿದ್ಯಾರ್ಥಿಗಳು ಒಟ್ಟಾಗಿ ಶಿಕ್ಷಣ ಇಲಾಖೆಯ ಬಾಗಿಲು ತಟ್ಟಿದರೆ ಆ ಸದ್ದು ಒಬ್ಬ ಮುಖ್ಯೋಪಾಧ್ಯಾಯರ ಮನವಿಗಿಂತ ದೂರ ಕೇಳಿಸುತ್ತದೆ. ಕೊಟ್ಟವರು ಆಳಲು ಬರುತ್ತಾರೆ ಎಂಬ ಭಯಕ್ಕೂ ಉತ್ತರ ಮೊದಲೇ ಬರೆದಿಡುವ ನಿಯಮ. ನೇಮಕಾತಿಯಲ್ಲಿ, ಪ್ರವೇಶದಲ್ಲಿ, ಪಠ್ಯದಲ್ಲಿ ದಾನಿಗೆ ಮಾತಿಲ್ಲ. ಶಾಲೆಯ ನಿಧಿ ಸಂಘದ ಖಾತೆಯಿಂದ ಬೇರೆಯಾಗಿರುತ್ತದೆ. ನೆರವು ಪಡೆಯುವ ವಿದ್ಯಾರ್ಥಿಯ ಜಾತಿಯನ್ನು ಯಾರೂ ಕೇಳುವುದಿಲ್ಲ. ಈ ಮೂರನ್ನು ಒಪ್ಪದವರ ಹಣವನ್ನು ನಮಸ್ಕರಿಸಿ ಬೇಡವೆನ್ನುವ ಧೈರ್ಯ ಆಡಳಿತ ಮಂಡಳಿಗೆ ಇರಬೇಕು.

ಎಲ್ಲಕ್ಕಿಂತ ನೋವಿನ ಪ್ರಶ್ನೆ ಕೊನೆಯದು. ಕನ್ನಡ ಮಾಧ್ಯಮಕ್ಕೆ ಮಕ್ಕಳೇ ಬರುತ್ತಿಲ್ಲ, ಕರಾವಳಿಯಿಂದ ಹುಡುಗರು ಹೋಟೆಲಿಗೆ ಬರುವ ಕಾಲ ಮುಗಿಯಿತು, ಮುಚ್ಚುತ್ತಿರುವ ಶಾಲೆಗೆ ಹಣವೇಕೆ? ಊರಲ್ಲೇ ಶಾಲೆ ಕಾಲೇಜುಗಳು ಹತ್ತಿರವಾಗಿ, ಎಳೆಯರನ್ನು ದುಡಿಸುವುದಕ್ಕೆ ಕಾನೂನಿನ ತಡೆ ಬಂದು, ಹನ್ನೆರಡರ ಹುಡುಗ ಮುಂಬಯಿಯ ಗಾಡಿ ಹತ್ತುವ ಅಗತ್ಯ ತಪ್ಪಿದ್ದು ಸಂತೋಷದ ಸಂಗತಿಯೇ. ಆದರೆ ಹೋಟೆಲಿನ ಅಡುಗೆಮನೆ ಖಾಲಿಯಾಗಿಲ್ಲ. ಅಲ್ಲಿ ಇಂದು ಉತ್ತರಪ್ರದೇಶ, ಬಿಹಾರ, ಒಡಿಶಾ, ಮರಾಠವಾಡಗಳ ತರುಣರಿದ್ದಾರೆ. ಅವರ ಓದೂ ಅರ್ಧಕ್ಕೆ ನಿಂತಿದೆ. ಕನ್ನಡ ಸಂಘಗಳ ಶಾಲೆಗಳು ಮಾಧ್ಯಮ ಬದಲಿಸಿಕೊಂಡು ಅವರಿಗೆ ಬಾಗಿಲು ತೆರೆದರೆ, ನಮ್ಮವರು ಪಡೆದದ್ದನ್ನು ಮುಂದಿನವರಿಗೆ ದಾಟಿಸಿದಂತಾಗುತ್ತದೆ. ಕನ್ನಡಕ್ಕೂ ಅಲ್ಲಿ ಕೆಲಸವಿದೆ. ಆ ಜನರಲ್ ರಿಜಿಸ್ಟರುಗಳಲ್ಲಿ ಯಾವ ಊರಿನಿಂದ, ಯಾವ ವರ್ಷ, ಎಷ್ಟು ವಯಸ್ಸಿನ ಹುಡುಗರು ಬಂದರೆಂಬ ದಾಖಲೆ ಇದೆ. ಕರಾವಳಿಯ ವಲಸೆಯ ಚರಿತ್ರೆಗೆ ಅದಕ್ಕಿಂತ ಒಳ್ಳೆಯ ಆಕರವಿಲ್ಲ. 1978ರಿಂದ ನಡೆಯುತ್ತಿರುವ ಮುಂಬಯಿ ವಿಶ್ವವಿದ್ಯಾಲಯದ ಕನ್ನಡ ವಿಭಾಗ ಈ ಕೆಲಸಕ್ಕೆ ಹೆಗಲು ಕೊಡಬಲ್ಲದು. ಶಾಲೆ ಮುಚ್ಚಿದರೂ ಅದರ ನಿಧಿ ವಿದ್ಯಾರ್ಥಿವೇತನವಾಗಿ ಬದುಕಬಹುದು, 1892ರ ಟಾಟಾ ದತ್ತಿ ಇಂದಿಗೂ ಬದುಕಿರುವಂತೆ.

ಕಾಯಲು ಮಾತ್ರ ಸಮಯವಿಲ್ಲ. 1960, 70ರ ದಶಕಗಳಲ್ಲಿ ರಾತ್ರಿ ಶಾಲೆಯ ಬೆಂಚಿನಲ್ಲಿ ಕೂತವರು ಇಂದು ಎಪ್ಪತ್ತರ ಆಸುಪಾಸಿನಲ್ಲೋ ಅದರಾಚೆಗೋ ಇದ್ದಾರೆ. ಶಾಲೆಯ ನೆನಪು ಗಟ್ಟಿಯಾಗಿರುವುದೂ, ಕೊಡುವ ಅನುಕೂಲ ಇರುವುದೂ ಈ ತಲೆಮಾರಿಗೇ. ಅವರ ಮಕ್ಕಳಿಗೆ ಆ ಶಾಲೆಯ ಹೆಸರು ಕೂಡ ತಿಳಿದಿಲ್ಲ. ಆದ್ದರಿಂದ ಆಡಳಿತ ಮಂಡಳಿಗಳು ಕಟ್ಟಡದ ನಕ್ಷೆ, ಮುಖ್ಯ ಅತಿಥಿ, ಸ್ಮರಣ ಸಂಚಿಕೆಗಳ ಯೋಚನೆಯನ್ನು ಆಮೇಲಕ್ಕಿಟ್ಟು, ಈ ಶೈಕ್ಷಣಿಕ ವರ್ಷದೊಳಗೆ ರಿಜಿಸ್ಟರಿನ ಪಟ್ಟಿಯನ್ನು ಸಿದ್ಧಪಡಿಸಿ ಪ್ರತಿಯೊಬ್ಬರಿಗೂ ಒಂದು ಫೋನ್ ಮಾಡಬೇಕು. ಹಳೆ ವಿದ್ಯಾರ್ಥಿಗಳೂ ಶಾಲೆ ಕರೆಯಲಿ ಎಂದು ಕಾಯದೆ ತಾವೇ ಹೋಗಬೇಕು. ನಿಧಿ ಎಷ್ಟಾಯಿತು ಎಂಬುದು ಆಮೇಲಿನ ಮಾತು. ಮೊದಲ ವರ್ಷದ ಯಶಸ್ಸನ್ನು ಅಳೆಯಬೇಕಾದದ್ದು ಎಷ್ಟು ಮಂದಿ ಸಿಕ್ಕಿದರು, ಅವರಲ್ಲಿ ಎಷ್ಟು ಮಂದಿ ತರಗತಿಯೊಳಗೆ ಕಾಲಿಟ್ಟು ಇಂದಿನ ವಿದ್ಯಾರ್ಥಿಯ ಜೊತೆ ಮಾತನಾಡಿದರು ಎಂಬುದರಿಂದ. ಆ ಎರಡು ಅಂಕಿಗಳು ವರ್ಷದಿಂದ ವರ್ಷಕ್ಕೆ ಏರಿದರೆ ಮೂರನೆಯದಾದ ಹಣದ ಅಂಕಿ ಏರದೆ ಇರುವುದಿಲ್ಲ.